ಮೂರು ಗ್ರಾಂ ತೂಗುವ ರತ್ನವ್ವ

ಬೆಳಗಿನ ಐದೂವರೆ. ಹಿರಿಯಡ್ಕ ಪೇಟೆಯ ಹಿಂದಿನ ಚಿಪ್ಸ್ ಶೆಡ್ಡಿನಲ್ಲಿ ರತ್ನವ್ವ ಪುಟ್ಟ ತಕ್ಕಡಿಯ ತಟ್ಟೆಯನ್ನು ಒಣಬಟ್ಟೆಯಿಂದ ಒರೆಸುತ್ತಾರೆ. ಫ್ಯಾನ್ ನಿಲ್ಲಿಸುತ್ತಾರೆ, ಗಾಳಿಗೆ ಪುಡಿ ಹಾರಬಾರದು. ಬಿಳಿ ಹರಳುಪುಡಿಯನ್ನು ಚಮಚದ ತುದಿಯಿಂದ ಉದುರಿಸುತ್ತಾರೆ. ಮೂರು ಗ್ರಾಂ. ಹದಿನೈದು ಕೆಜಿಯ ಒಂದು ಟಿನ್ ಎಣ್ಣೆಗೆ ಇಷ್ಟೇ. ಕಾನೂನು ಇದಕ್ಕಿಂತ ಹೆಚ್ಚು ಒಪ್ಪುವುದಿಲ್ಲ.

ಪುಡಿಯ ಹೆಸರು ಟಿಬಿಎಚ್‌ಕ್ಯೂ. ಚಿಪ್ಸ್ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ 319 ಎಂದಿರುತ್ತದೆ. ಗಾಳಿ ತಾಗಿ ಎಣ್ಣೆ ಕಮಟಾಗುವುದನ್ನು ಇದು ತಡೆಯುತ್ತದೆ. ನೀರಿನಲ್ಲಿ ಸರಿಯಾಗಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಕಬ್ಬಿಣದ ಬಾಣಲೆ ತಾಗಿದರೂ ಬಣ್ಣ ಕೆಡಿಸುವುದಿಲ್ಲ. ರತ್ನವ್ವ ಮೊದಲು ಒಂದು ಸೌಟು ಬಿಸಿ ಎಣ್ಣೆಯಲ್ಲಿ ಕದಡಿ, ಆಮೇಲೆ ಇಡೀ ಟಿನ್ನಿಗೆ ಬೆರೆಸುತ್ತಾರೆ. ದಿನಕ್ಕೆ ಎಂಟು ಟಿನ್. ಇಲ್ಲಿ ಕರಿದ ಬಾಳೆಕಾಯಿ ಚಿಪ್ಸ್ ಮಣಿಪಾಲದ ಹಾಸ್ಟೆಲುಗಳಿಗೂ ಕಾಪು ಬೀಚಿನ ಅಂಗಡಿಗಳಿಗೂ ಹೋಗುತ್ತದೆ. ನಾಲ್ಕು ತಿಂಗಳು ಕೆಡುವುದಿಲ್ಲ.

ರತ್ನವ್ವ ಕೊಪ್ಪಳದ ಕಡೆಯವರು. ಗಂಡ ಹನುಮಪ್ಪ ಸಂತೆಕಟ್ಟೆಯಲ್ಲಿ ಗಾರೆ ಕೆಲಸ ಮಾಡುತ್ತಾರೆ. ನಾಲ್ಕು ವರ್ಷದ ಮಗಳು ಶೈಲಶ್ರೀ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಾಳೆ. ಹೋದ ವಾರ ವಿಡಿಯೋ ಕಾಲ್ ಮಾಡಿದಾಗ ಅವಳು ಅಜ್ಜಿಯನ್ನು ‘ಅವ್ವ’ ಎಂದಳು. ಫೋನಿನೊಳಗಿನ ತಾಯಿಗೆ ಬೆರಳು ತೋರಿಸಿ ‘ಚಿಪ್ಸ್ ಆಂಟಿ’ ಎಂದಳು.

“ನಕ್ಕೆ ನೋಡ್ರಿ. ನಕ್ಕೊಂತನ ಫೋನ್ ಇಟ್ಟೆ,” ಎನ್ನುತ್ತಾರೆ ರತ್ನವ್ವ. ಸೌಟನ್ನು ಮೊದಲಿಗಿಂತ ಜೋರಾಗಿ ತಿರುಗಿಸುತ್ತಾರೆ.

ಯುಗಾದಿಗೆ ಅವರು ಊರಿಗೆ ಹೋಗಿದ್ದಾಗ ಬದಲಿಗೆ ಬಂದಾತ, ಆಗಲೇ ವಾಸನೆ ಹಿಡಿದಿದ್ದ ಹಳೆಯ ಎಣ್ಣೆಗೆ ಪುಡಿ ಹಾಕಿದ್ದ. ಆ ವಾರದ ಚಿಪ್ಸ್ ಪೂರ್ತಿ ಹೊಂಡಕ್ಕೆ ಹೋಯಿತು.

“ಎಣ್ಣಿ ಹೊಸದಿದ್ದಾಗನ ಹಾಕಬೇಕ್ರಿ. ವಾಸನಿ ಹತ್ತಿದ ಮ್ಯಾಲೆ ಎಷ್ಟ್ ಹಾಕಿದ್ರೂ ಮೊದಲಿನಂಗ ಆಗಂಗಿಲ್ಲ,” ಎನ್ನುತ್ತಾರೆ ರತ್ನವ್ವ.

ಅಂದಿನಿಂದ ಮಾಲಕ ಲಿಗೋರಿ ತಕ್ಕಡಿಯನ್ನು ಬೇರೆ ಯಾರ ಕೈಗೂ ಕೊಟ್ಟಿಲ್ಲ. ರತ್ನವ್ವ ಆಮೇಲೆ ಊರಿಗೂ ಹೋಗಿಲ್ಲ.

“ರತ್ನಕ್ಕನ ಮೂಗಿನಷ್ಟು ಚುರುಕು ಮೂಗು ಈ ಊರಲ್ಲಿ ಯಾರಿಗುಂಟು? ಇವರು ಹೋದ್ರೆ ನಾನು ಎಂತ ಮಾಡುವುದು ಮಾರಾಯ್ರೆ?” ಎಂದು ಲಿಗೋರಿ ನಗುತ್ತಾರೆ.

“ಮೂಗು ಇಲ್ಲೇ ಇಟ್ಟು ಹೋಗ್ಲೇನ್ರಿ ಸಾವ್ಕಾರ್ರ?”

ಶೆಡ್ಡಿನಲ್ಲಿದ್ದವರೆಲ್ಲ ನಗುತ್ತಾರೆ. ನಗು ನಿಂತ ಮೇಲೆ ರತ್ನವ್ವ ತಟ್ಟೆ ಒರೆಸುತ್ತಾ, ತಲೆ ಎತ್ತದೆ ಕೇಳುತ್ತಾರೆ:

“ಸೋಮವಾರದಿಂದ ನಾಲ್ಕು ದಿನ ರಜಾ ಕೊಡ್ರಿ. ಮಗಳನ್ನ ನೋಡಿ ಬರ್ತೀನಿ.”

ಲಿಗೋರಿ ಮುಂದಿನ ಟಿನ್ನಿನ ಮುಚ್ಚಳ ತೆಗೆದು ಅವರ ಮುಂದೆ ಸರಿಸುತ್ತಾರೆ.