ಮೋರಿ ಪಕ್ಕ ಬಿಟ್ಟ ಎರಡು ಮೂಟೆ

ಕ್ಯಾಸಂಬಳ್ಳಿ ರಸ್ತೆಯ ಹೊಸ ಲೇಔಟಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಆಗ ನನಗೆ ಎರಡನೇ ವರ್ಷ. ಮೊದಲು ಅದು ನಮ್ಮೂರ ದನ ಮೇಯುತ್ತಿದ್ದ ದಿಣ್ಣೆ. ಈಗ ಸೈಟು ಮಾಡಿ, ನಡುವೆ ಪಾರ್ಕು ಅಂತ ದೊಡ್ಡ ಲಾನ್ ಹಾಕಿದ್ದರು. ಲಾನಿನ ಅಂಚಿಗೆ ಸಿಮೆಂಟಿನ ಮೋರಿ. ಅದರ ನೀರು ಇಳಿಜಾರಿನಲ್ಲಿ ಒಂದು ಗುಂಡಿಗೆ ಬೀಳುತ್ತದೆ, ಗುಂಡಿ ತುಂಬಿದರೆ ನಮ್ಮೂರ ದನ ನೀರು ಕುಡಿಯುವ ಕುಂಟೆಗೆ ಹೋಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಅವತ್ತು ಲೇಔಟಿನ ಸೂಪರ್‌ವೈಸರ್ ನಾಲ್ಕು ಮೂಟೆ ಯೂರಿಯಾ ಇಳಿಸಿದರು. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಡೆಯವರು, ಮಾತಿನಲ್ಲಿ ಅರ್ಧ ತಮಿಳು.

"ಬರೋ ವಾರ ಸೈಟ್ ನೋಡೋಕೆ ಪಾರ್ಟಿಗಳು ಬರ್ತಾರಮ್ಮಾ. ಲಾನು ಪಚ್ಚೆ ಪಚ್ಚೆ ಅಂತ ಇರ್ಬೇಕು. ನಾಲ್ಕೂ ಚೆಲ್ಲಿಬಿಡು."

"ಅಣ್ಣಾ, ಇಷ್ಟು ಹುಲ್ಲಿಗೆ ಒಂದೇ ಜಾಸ್ತಿ. ಮೋಡ ಬೇರೆ ಆಗೈತೆ. ಮಳೆ ಬಂದ್ರೆ ಎಲ್ಲಾ ಕೊಚ್ಕೊಂಡು ನಮ್ ಕುಂಟೆಗೆ ಓಯ್ತದೆ."

"ಮಳೆ ಬಂದ್ರೆ ನೀರ್ ಬಿಡೋ ಕೆಲ್ಸ ಉಳೀತು ಬಿಡು" ಅಂದು ಬೈಕ್ ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದರು.

ಚೆಲ್ಲಿದೆ. ಎರಡು ಮೂಟೆ ಮುಗಿಯಿತು. ಉಳಿದೆರಡರ ಬಾಯಿ ಬಿಚ್ಚಿ ಮೋರಿಯ ಪಕ್ಕ ಇಟ್ಟುಕೊಂಡಿದ್ದೆ, ಕೈಗೆ ಸಿಗಲಿ ಅಂತ. ಮಧ್ಯಾಹ್ನ ಒಂದೇ ಸಮ ಮಳೆ ಹೊಡೆಯಿತು. ಸೆರಗು ತಲೆಗೆ ಹಾಕಿಕೊಂಡು ಶೆಡ್ಡಿಗೆ ಓಡಿದೆ. ಮೂಟೆಗಳನ್ನು ಎಳೆದು ಒಳಗೆ ಹಾಕಬಹುದಿತ್ತು. ಬೆನ್ನು ನೋಯುತ್ತಿತ್ತು, ಹಾಕಲಿಲ್ಲ. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಎರಡೂ ಮೂಟೆ ಮೋರಿಯೊಳಕ್ಕೆ ಬೋರಲು ಬಿದ್ದಿದ್ದವು. ಚೀಲದ ತಳದಲ್ಲಿ ಹಿಡಿಯಷ್ಟು ಅಂಟಿಕೊಂಡಿತ್ತು, ಅಷ್ಟೇ. ಖಾಲಿ ಚೀಲ ಮಡಿಚಿಟ್ಟು ಮನೆಗೆ ಬಂದೆ.

ಮಾರನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದೆ. ಚಿಕ್ಕಮ್ಮ ಇಳಿಜಾರಿನಿಂದ ಕೂಗಿಕೊಂಡು ಬಂದಳು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಇವಳೇ. ಅವಳಿಗಿದ್ದದ್ದು ಒಂದೇ ಹಸು, ಗಬ್ಬವಾಗಿತ್ತು.

"ಬಾ ಲೇ ಬೇಗ! ಅಸ ಬಿದ್ದೋಯ್ತು, ಬಾಯಾಗೆಲ್ಲ ನೊರೆ ಬತ್ತೈತೆ!"

ಗುಂಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಹಸು ಮಲಗಿತ್ತು. ಹೊಟ್ಟೆ ಉಬ್ಬಿ, ಕಾಲು ಅದುರುತ್ತಿತ್ತು. ಪಕ್ಕದ ಮನೆಯವರ ಕಡಸೂ ಅದೇ ಗುಂಡಿಯ ನೀರು ಕುಡಿದು ತೂರಾಡುತ್ತಾ ನಿಂತಿತ್ತು. ಗುಂಡಿ ನೋಡಿದ ಕೂಡಲೇ ನನಗೆ ಎಲ್ಲ ತಿಳಿದುಹೋಯಿತು.

ಕ್ಯಾಸಂಬಳ್ಳಿಯಿಂದ ದನದ ಡಾಕ್ಟರು ಬಂದರು. "ಏನ್ ತಿಂದಿತ್ತು? ಯೂರಿಯಾ ಏನಾದ್ರೂ ಬಾಯಿಗೆ ಬಿತ್ತಾ?" ಅಂತ ಕೇಳಿದರು.

"ಇಲ್ಲ ಸಾ. ನಮ್ಮನೆಯಾಗೆ ಯೂರಿಯಾನೇ ಇಲ್ಲ" ಅಂದಳು ಚಿಕ್ಕಮ್ಮ.

ನಾನು ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಾಯಿ ಬಿಡಲಿಲ್ಲ. ಗಂಡ ಸೊಂಟ ಬಿದ್ದು ಮನೆಯಲ್ಲಿದ್ದ, ಈ ಕೆಲಸ ಹೋದರೆ ಗತಿ ಏನು ಅನ್ನಿಸಿತು. ಸುತ್ತ ನಿಂತಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದಾರೆ ಅನ್ನಿಸಿತು. ಡಾಕ್ಟರು ಹೊಟ್ಟೆಯುಬ್ಬರ ಅಂದುಕೊಂಡು ಎಣ್ಣೆ ಕುಡಿಸಿದರು, ಸೂಜಿ ಹಾಕಿದರು. ಹಸು ಒಂದು ಸಲ ಅರಚಿತು. ಹಾಗೆ ಅರಚಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಯೂರಿಯಾ ಸಾ! ಮೋರಿಗೆ ಎರಡು ಮೂಟೆ ಬಿದ್ದೈತೆ. ನಾನೇ ಇಟ್ಟಿದ್ದು" ಅಂದುಬಿಟ್ಟೆ.

"ಮೊದಲೇ ಹೇಳೋದಲ್ವೇನಮ್ಮಾ! ಯೂರಿಯಾ ವಿಷಕ್ಕೆ ವಿನಿಗರ್ ಕುಡಿಸ್ಬೇಕು, ಎಷ್ಟು ಸಿಕ್ಕರೆ ಅಷ್ಟು. ತಣ್ಣೀರು ತನ್ನಿ!"

ಊರಲ್ಲಿ ವಿನಿಗರ್ ಎಲ್ಲಿಂದ ಬರಬೇಕು? ಪಕ್ಕದ ಮನೆಯಾತ ಬೈಕಿನಲ್ಲಿ ಕ್ಯಾಸಂಬಳ್ಳಿಗೆ ಹೋಗಿ, ಗೋಬಿ ಮಂಚೂರಿ ಗಾಡಿಯವನ ಮನೆ ಬಾಗಿಲು ತಟ್ಟಿ ನಾಲ್ಕು ಬಾಟಲಿ ತಂದ. ಅಷ್ಟರಲ್ಲಿ ಹಸು ನನ್ನ ತೊಡೆಯ ಮೇಲೆಯೇ ಉಸಿರು ಬಿಟ್ಟಿತ್ತು. ನಾಲ್ಕೂ ಬಾಟಲಿಯನ್ನು ನೀರಿಗೆ ಬೆರೆಸಿ ಕಡಸಿಗೆ ಕುಡಿಸಿದರು. ಸಂಜೆಗೆ ಅದು ಎದ್ದು ನಿಂತಿತು.

ಚಿಕ್ಕಮ್ಮ ಬೈಯಲಿಲ್ಲ. ಹಸುವಿನ ಕೊರಳ ಹಗ್ಗ ಬಿಚ್ಚುತ್ತಾ ಒಂದೇ ಮಾತು ಕೇಳಿದಳು. "ಡಾಕ್ಟ್ರು ಕೇಳಿದಾಗ ಯಾಕ್ ಸುಮ್ಕಿದ್ದೆ?"

ನಾನು ಹಗ್ಗ ಈಸಿಕೊಂಡು ಸುತ್ತಿಟ್ಟೆ.

ಲೇಔಟಿಗೆ ಹೋಗಿ ನಡೆದದ್ದು ಹೇಳಿದರೆ ಸೂಪರ್‌ವೈಸರ್, "ಚೆಲ್ಲು ಅಂದೆ, ಮೋರಿ ಪಕ್ಕ ಇಡು ಅಂತ ನಾನ್ ಅಂದ್ನಾ?" ಅಂದರು. ಅದೂ ನಿಜವೇ. ಆದರೂ ಅವತ್ತು ನಾನು ಜಗ್ಗಲಿಲ್ಲ. ಮೋಡ ಇದ್ದ ದಿನ ಕೈಯಲ್ಲಿ ಗೊಬ್ಬರ ಮುಟ್ಟಲ್ಲ, ಮೋರಿಯಿಂದ ಐದು ಹೆಜ್ಜೆ ಒಳಗೆ ಒಂದು ಕಾಳೂ ಚೆಲ್ಲಲ್ಲ, ಕತ್ತರಿಸಿದ ಹುಲ್ಲು ಎತ್ತಿ ಹಾಕದೆ ಅಲ್ಲೇ ಕೊಳೆಯಲು ಬಿಡ್ತೀನಿ, ಅದೇ ಗೊಬ್ಬರ ಆಯ್ತದೆ ಅಂದೆ. "ಹುಲ್ಲು ಹಳದಿ ಆದ್ರೆ ನೀನು ಬರೋದು ಬೇಡ" ಅಂದರು. ಒಪ್ಪಿದೆ. ಹುಲ್ಲು ಅಲ್ಲಲ್ಲಿ ಮಂಕಾಯಿತು, ಹಳದಿಯಾಗಲಿಲ್ಲ. ಕೆಲಸ ಉಳಿಯಿತು.

ಕುಂಟೆ ಮಾತ್ರ ಉಳಿಯಲಿಲ್ಲ. ತಿಂಗಳಾಗುವಷ್ಟರಲ್ಲಿ ನೀರಿನ ಮೇಲೆ ಹಸಿರು ಪಾಚಿ ಕಂಬಳಿ ಹಾಸಿದಂತೆ ಬೆಳೆಯಿತು. ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು, ವಾಸನೆ ಬೀದಿಯವರೆಗೆ ಬಂತು. ಡೈರಿಯ ಮುಂದೆ ಹಾಲು ಹಾಕಲು ಬಂದವರಿಗೆಲ್ಲ ನಾನೇ ಹೇಳಿದೆ, ಯಾರೂ ದನ ಅಲ್ಲಿಗೆ ಬಿಡಬೇಡಿ, ನನ್ನಿಂದಲೇ ಹಿಂಗಾಗಿದ್ದು ಅಂತ. ಕೆಲವರು ಬೈದರು. ಮೂವರು ಹೆಂಗಸರು ಬಿದಿರ ಮಂಕರಿ ಹಿಡಿದು ನನ್ನ ಜೊತೆ ನೀರಿಗಿಳಿದು ಪಾಚಿ ಎತ್ತಿದರು. ಎತ್ತಿದ ವಾರಕ್ಕೆ ಅಷ್ಟೇ ಪಾಚಿ ತಿರುಗಿ ಬಂತು. ಮತ್ತೆ ಇಳಿದೆವು. ಮತ್ತೆ ಬಂತು. ಮೂರನೇ ಸಲ ನಾನೊಬ್ಬಳೇ ಇಳಿದೆ.

ಯುಗಾದಿ ಕಳೆದ ಮೇಲೆ ಚಿಕ್ಕಮ್ಮನ ಮನೆಗೆ ಹೋಗಿ, "ಬಂಗಾರಪೇಟೆ ಕಡೆ ಒಂದು ಕರು ನೋಡಿದ್ದೀನಿ, ತಂದು ಕಟ್ತೀನಿ ಚಿಕ್ಕಮ್ಮ" ಅಂದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಕಟ್ಟೋಕೆ ಜಾಗ ಐತೆ. ನೀರೆಲ್ಲಿ ಕುಡಿಸ್ಲಿ?" ಅಂದಳು.