ಮಂಜು ಮಾರುವವನ ಹರಕೆ

ದೋಯ್ ಮೋಯ್ ಬೆಟ್ಟದ ತೋಂಗ್‌ದೀ ಬದುಕಿಡೀ ಮಾರಿದ್ದು ಒಂದೇ ಸರಕು. ಅದೂ ಅವನದಲ್ಲ. ಮಂಜು. ಚಿಯಾಂಗ್ ರಾಯ್ ಪೇಟೆಯಿಂದ ಬರುವ ಪ್ರವಾಸಿಗರು ಅವನ ಬಿದಿರು ಗುಡಿಸಲುಗಳಲ್ಲಿ ಮಲಗಿ, ಕೋಳಿಗಿಂತ ಮುಂಚೆ ಎದ್ದು, ಕಂಬಳಿ ಹೊದ್ದು ಬೆಟ್ಟದಂಚಿಗೆ ಬಂದರೆ ಕೆಳಗೆ ಲಾವೋಸಿನವರೆಗೂ ಬೆಳ್ಳನೆಯ ಕಡಲು. ಅದನ್ನು ರಾತ್ರಿಯೆಲ್ಲ ತಾನೇ ಹೊತ್ತು ತಂದು ಸುರಿದವನಂತೆ ಸೊಂಟ ಹಿಡಿದುಕೊಂಡು ತೋಂಗ್‌ದೀ ಪಕ್ಕದಲ್ಲಿ ನಿಂತಿರುತ್ತಿದ್ದ. ಒಮ್ಮೆ ಮಂಜು ಎಷ್ಟು ಗಟ್ಟಿಯಾಗಿತ್ತೆಂದರೆ, ತನ್ನ ಬಾತುಕೋಳಿ ಅದರ ಮೇಲೆ ನಡೆದೇ ಲಾವೋಸಿಗೆ ಹೋಗಿ, ಅಲ್ಲಿ ಸಂಸಾರ ಹೂಡಿ, ಮರಿಗಳ ಸಮೇತ ತವರಿಗೆ ಬಂತು ಎನ್ನುತ್ತಿದ್ದ. ನಂಬದವರಿಗೆ ಮರಿಗಳನ್ನು ತೋರಿಸುತ್ತಿದ್ದ.

ಆ ಚಳಿಗಾಲ ಮಂಜು ಕೈಕೊಟ್ಟಿತು. ಕಣಿವೆಯಲ್ಲಿ ಕಾಣುತ್ತಿದ್ದುದು ಎಲೆಕೋಸಿನ ಹೊಲ ಮತ್ತು ಇನ್ತಾನ ಒಣಹಾಕಿದ ಚಡ್ಡಿಗಳು. ಈ ಇನ್ತಾ ಎದುರಿನ ಕುಳ್ಳ ಗುಡ್ಡದವನು. ಅಲ್ಲೊಂದು ಸಿಮೆಂಟಿನ ಸ್ಟ್ರಾಬೆರಿ ಕಟ್ಟಿಸಿದ್ದ, ಒಳಗೆ ಆನೆ ನಿಂತು ಮೈ ಮುರಿಯಬಹುದಾದಷ್ಟು ದೊಡ್ಡದು. ಪ್ರೇಕ್ಷಣೀಯ ಜಾಗಗಳ ಕ್ಯಾಲೆಂಡರಿಗೆ ಚಿತ್ರ ತೆಗೆಯಲು ಸಾಹೇಬರೊಬ್ಬರು ಬರುವವರಿದ್ದರು. ಎರಡರಲ್ಲಿ ಒಂದೇ ಗುಡ್ಡಕ್ಕೆ ಜಾಗ. ಯಾವುದು ಕ್ಯಾಲೆಂಡರ್ ಏರುವುದೋ ಆ ದಾರಿಗೆ ಜನ. ಇನ್ನೊಬ್ಬ ತನ್ನ ನೋಟವನ್ನು ತನ್ನ ಹಂದಿಗಳಿಗೇ ತೋರಿಸಿಕೊಂಡಿರಬೇಕು.

ಸಂತೆಯಲ್ಲಿ ಇನ್ತಾ ಕೆಣಕಿದ. "ಏನಣ್ಣ, ಮಂಜು ಸ್ಟಾಕ್ ಖಾಲಿಯಂತೆ? ನನ್ ಹಣ್ಣು ನೋಡು, ಬಿಸ್ಲಿರ್ಲಿ ಮಳೆಯಿರ್ಲಿ ಎದ್ದು ಎಲ್ಲೂ ಹೋಗಲ್ಲ."

"ಅದು ನಿನ್ ಮೂತಿ ಥರಾನೇ ಕಣೋ. ದೂರದಿಂದ ಕೆಂಪಗೆ, ಹತ್ರ ಹೋದ್ರೆ ಬರೀ ಸಿಮೆಂಟು."

ಬಾಯಿಗೇನೋ ಗೆಲುವಾಯಿತು. ಮಂಜಿಗೆ ಏನು ಮಾಡುವುದು? ಸಾಹೇಬರು ಬಂದಿಳಿದ ಸಂಜೆ ತೋಂಗ್‌ದೀ ಬೆಟ್ಟದಪ್ಪನ ಗುಡಿಗೆ ಹೋದ. ಊರವರು ಹರಕೆ ತೀರಿಸಿ ತೀರಿಸಿ ಗುಡಿಯ ತುಂಬ ಬೇಯಿಸಿದ ಮೊಟ್ಟೆ, ಕೆಂಪು ಸೋಡಾ, ಸಿಮೆಂಟಿನ ಪಟ್ಟೆಕುದುರೆ. ಪಟ್ಟೆಕುದುರೆಗಳ ನೂಕುನುಗ್ಗಲಿನಲ್ಲಿ ಪಾಪ, ದೇವರಿಗೇ ಕಾಲು ಚಾಚಲು ಜಾಗವಿರಲಿಲ್ಲ. ಹೊಸದೇನಾದರೂ ಹೇಳಬೇಕೆಂದು ತೋಂಗ್‌ದೀ ಕೈ ಮುಗಿದ.

"ಅಪ್ಪಾ, ಬೆಳಗ್ಗೆ ಮಂಜು ಕೊಡು. ಕೈ ಬಿಚ್ಚಿ ಕೊಡು. ನಿನ್ ಮುಂದೆ ಚೆಲುವೆಯರನ್ನ ಕುಣಿಸ್ತೀನಿ."

ಎಲ್ಲಿ ಕೊಡಬೇಕೆಂದು ಹೇಳಲಿಲ್ಲ. ಬೆಟ್ಟದಪ್ಪ ಕಣಿವೆಯನ್ನು ಬಿಟ್ಟು ಬೆಟ್ಟದ ನೆತ್ತಿಯ ಮೇಲೇ ಸುರಿದ. ಬೆಳಗಾದಾಗ ನಾಯಿ ತನ್ನ ಬಾಲವನ್ನೇ ಕಳ್ಳನೆಂದು ಬೊಗಳುತ್ತಿತ್ತು. ಅಂಟು ಅನ್ನದ ಉಂಡೆ ಬಾಯಿ ಸಿಗದೆ ಕಿವಿಗೆ ಹೋಗುತ್ತಿತ್ತು. ಸಾಹೇಬರನ್ನು ಅವರ ಸೀನಿನ ಜಾಡು ಹಿಡಿದು ಹುಡುಕಬೇಕಾಯಿತು.

"ಇದ್ರಲ್ಲಿ ನೋಡೋದೇನಿದೆ ಯಜಮಾನ್ರೇ?"

"ಮಂಜು ಸಾರ್. ತುಂಬಾ ಹತ್ತಿರದಿಂದ."

"ಒಂದು ಲೋಟ ಟೀ ಕುಡಿಯೋವರೆಗೆ ಕಾಯ್ತೀನಿ. ಆಮೇಲೆ ಹಣ್ಣಿನ ಕಡೆ ಹೋಗ್ತೀನಿ."

ಟೀ ತಂದ ಹೆಂಡತಿ ಬುವಾಲೈಗೆ ಎಲ್ಲ ಅರ್ಥವಾಯಿತು. "ಹರಕೆ ಬಾಕಿ ಇಟ್ಕೊಂಡ್ರೆ ಅಪ್ಪ ಮಂಜು ಇಳಿಸ್ತಾನಾ? ಏನಂತ ಹೊತ್ಕೊಂಡೆ, ಬೊಗಳು."

ಬೊಗಳಿದ. ಊರಿನ ಹುಡುಗಿಯರೆಲ್ಲ ಚಿಯಾಂಗ್ ಮಾಯ್ ಅಂಗಡಿಗಳಲ್ಲಿ ಕೆಲಸಕ್ಕಿದ್ದರು. ಬೆರಳಿಗೆ ಉದ್ದನೆಯ ಹಿತ್ತಾಳೆ ಉಗುರು ತೊಟ್ಟು ದೇವರ ಕುಣಿತ ಕುಣಿಯಬಲ್ಲವರೆಂದರೆ ಬುವಾಲೈ ಮತ್ತು ಅವಳ ಇಬ್ಬರು ಗೆಳತಿಯರು. ಮೂವರಿಗೂ ಸೇರಿ ಒಂದು ಬಾಯಿಗಾಗುವಷ್ಟು ಹಲ್ಲು. ಮೂವರೂ ಉಗುರು ತೊಟ್ಟು ಬೆಟ್ಟದಂಚಿನ ಗುಡಿಯ ಮುಂದೆ ಬಂದು ನಿಂತರು.

"ಕುಣಿಯೋಕೇನು, ಕುಣೀತೀವಿ. ಆದ್ರೆ ಚೆಲುವೆಯರು ಅಂತ ಮಾತು ಕೊಟ್ಟಿದೀಯ. ನಾನು ಚೆಲುವೆ ಅಂತ ಅಪ್ಪಂಗೆ ನೀನೇ ಹೇಳು."

ತೋಂಗ್‌ದೀಗೆ ಬೆವರಿಳಿಯಿತು. ಮದುವೆಯಾದಾಗಿನಿಂದ ಅವನು ಮಂಜನ್ನು ಹೊಗಳಿದ್ದ, ಬಾತುಕೋಳಿಯನ್ನು ಹೊಗಳಿದ್ದ, ಅಮಲಿನಲ್ಲಿ ಇನ್ತಾನ ಹಂದಿಯನ್ನೂ ಹೊಗಳಿದ್ದ. ಇವಳನ್ನು ಮಾತ್ರ ಇಲ್ಲ.

"ಅಪ್ಪಾ, ಇವ್ಳು... ನೋಡೋಕೆ ಪರವಾಗಿಲ್ಲ."

"ಪರವಾಗಿಲ್ವಂತೆ! ಬನ್ರೇ, ಮನೆಗೆ ಹೋಗಣ," ಎಂದಳು ಬುವಾಲೈ.

"ಟೀ ಮುಗೀತು," ಎಂದಿತು ಸಾಹೇಬರ ದನಿ.

"ಚೆಲುವೆ!" ತೋಂಗ್‌ದೀ ಕಿರುಚಿದ. "ನನ್ ಹೆಂಡ್ತಿ ಬುವಾಲೈ ಚೆಲುವೆ! ಮದುವೆ ದಿನ ಇವಳ್ನ ನೋಡ್ತಾ ನೋಡ್ತಾ ಪೂಜೆ ನೀರನ್ನ ಮಾವನ ತಲೆ ಮೇಲೆ ಸುರಿದ್ಬಿಟ್ಟೆ! ಇವತ್ತಿಗೂ ಇವ್ಳು ನಕ್ರೆ ನನ್ ಕೈಲಿರೋದು ಬಿದ್ದೋಗತ್ತೆ!"

ಎದುರು ಗುಡ್ಡ ಅದನ್ನು ಕೇಳಿ ಮತ್ತೊಮ್ಮೆ ಹೇಳಿತು. ಅಲ್ಲಿಂದ ಇನ್ತಾನ ಕೂಗು ಬಂತು: "ನಿಜಾನಾ ಅತ್ತಿಗೇ?"

ಅತ್ತಿಗೆ ಆಗಲೇ ಕುಣಿಯಲು ಶುರುಮಾಡಿದ್ದಳು. ಮಂಜು ಮೊದಲು ಮೂವರ ಹಿತ್ತಾಳೆ ಉಗುರುಗಳನ್ನು ಬಿಟ್ಟುಕೊಟ್ಟಿತು, ಆಮೇಲೆ ಮೂಗು, ಆಮೇಲೆ ಸೊಂಟ, ಕೊನೆಗೆ ಪಾದ. ಅಲ್ಲಿಂದ ಮೆಲ್ಲಗೆ ಅಂಚು ದಾಟಿ ಕಣಿವೆಗೆ ಇಳಿದು, ಸ್ಟ್ರಾಬೆರಿಯನ್ನು ತೊಟ್ಟಿನವರೆಗೂ ಮುಳುಗಿಸಿತು. ಲಾವೋಸಿನ ಕಡೆಯಿಂದ ಸೂರ್ಯ ಇಣುಕಿದ. ಸಾಹೇಬರು ಚಿತ್ರ ತೆಗೆದರು, ತೆಗೆದರು, ತೆಗೆಯುತ್ತಲೇ ಇದ್ದರು.

"ಕ್ಯಾಲೆಂಡರಿಗೆ ಇದೇ ಸರಿ. ದಿನಾ ಹೀಗೇನಾ?"

"ದಿನಾ ಸಾರ್!" ತೋಂಗ್‌ದೀ ಎದೆ ಉಬ್ಬಿಸಿದ.

ಏದುಸಿರು ಬಿಡುತ್ತಿದ್ದ ಬುವಾಲೈ ಗುಡಿಯತ್ತ ತಿರುಗಿದಳು. "ದಿನಾ ಅಂತೆ. ಕೇಳಿಸ್ತಲ್ಲ ಅಪ್ಪಾ?"

ಈಗ ದೋಯ್ ಮೋಯ್‌ನಲ್ಲಿ ಕಂಬಳಿ ಹೊದ್ದು ನಿಂತವರಿಗೆ ಸೂರ್ಯನಿಗಿಂತ ಮೊದಲು ಸಿಗುವುದು ಒಬ್ಬ ಮುದುಕನ "ಚೆಲುವೆ!" ಎಂಬ ಕೂಗು. ಅವನ ಗಂಟಲು ಕಟ್ಟಿದ ದಿನವೂ ಮಂಜೇನೋ ಬರುತ್ತದೆ. ಟೀ ಬರುವುದಿಲ್ಲ.