ಚಾಬೂಕಿನ ಸದ್ದಿನ ಹಿಂದೆ

ಟಾಂಗಾ ಚಾಚಾ ಅವರ ಬಲಗೈಯ ತೋರುಬೆರಳು ಸದಾ ಕೊಂಕಿಕೊಂಡೇ ಇರುತ್ತಿತ್ತು. ಚಾಬೂಕು ಹಿಡಿದೂ ಹಿಡಿದೂ ಹಾಗಾಗಿತ್ತು. ಆದರೆ ಆ ಚಾಬೂಕಿನಿಂದ ಕುದುರೆಗೆ ಹೊಡೆದದ್ದನ್ನು ನಾನು ಕಂಡೇ ಇಲ್ಲ. ದಾರಿಗೆ ಯಾರಾದರೂ ಅಡ್ಡ ಬಂದರೆ ಅದರ ಹಿಡಿಯನ್ನು ತಿರುಗುವ ಗಾಲಿಯ ಕಡ್ಡಿಗಳಿಗೆ ತಾಗಿಸುತ್ತಿದ್ದರು. ಟರ್ರ್ ಎಂದು ಸದ್ದಾಗುತ್ತಿತ್ತು, ಜನ ಸರಿಯುತ್ತಿದ್ದರು.

ಅವರ ಮನೆ ಕಲಬುರ್ಗಿಯ ಮೋಮಿನಪುರದಲ್ಲಿ, ರಾತ್ರಿ ತಂಗುತ್ತಿದ್ದದ್ದು ಮಾತ್ರ ನಮ್ಮೂರಲ್ಲಿ. ನಸುಕಿಗೇ ನಮ್ಮ ಕಮಲಾಪುರದ ಜನರನ್ನು ಹತ್ತಿಸಿಕೊಂಡು ಕಲಬುರ್ಗಿಯ ಬೆಳಗಿನ ರೈಲಿಗೆ ಮುಟ್ಟಿಸುವುದು ಅವರ ಕೆಲಸ. ಒಂದು ದಿನವೂ ರೈಲು ತಪ್ಪಿಸಿದವರಲ್ಲ. ನನಗೋ ಓಡುವ ಹುಚ್ಚು. ಕಲಿಸುವವರು ಯಾರೂ ಇರಲಿಲ್ಲ, ಟಾಂಗಾದ ಹಿಂದೆ ಓಡತೊಡಗಿದೆ.

"ಚಾಚಾ, ನಾ ಹಿಂದ ಉಳದ್ರ ಒಂಚೂರು ನಿಲ್ಲಸ್ತೀರೇನ್ರಿ?"

"ಯಾಕ್ ನಿಲ್ಲಸ್ಲಿ ಬೇಟಾ? ರೈಲಿನವ್ರು ನಿನ್ನ ಸಲುವಾಗಿ ನಿಲ್ಲಸ್ತಾರೇನು? ಗಾಲಿ ಸದ್ದು ಮಾಡ್ತೀನಿ. ಅದರ ಹಿಂದ ಬಾ, ಸಾವಕಾಶ."

ಮೊದಲ ಸಲ ಬಾಳೆತೋಟ ದಾಟುವಷ್ಟರಲ್ಲೇ ಸದ್ದು ಮಾಯವಾಯಿತು. ಬರಬರುತ್ತಾ ನಡುದಾರಿಯ ಮಹಾಗಾಂವದವರೆಗೂ ಕೇಳಿಸತೊಡಗಿತು. ಕೊನೆಗೆ ಕಲಬುರ್ಗಿಯ ಕೋಟೆ ದೂರದಲ್ಲಿ ಕಾಣುವ ತನಕ. ಅಷ್ಟೇ ನನ್ನ ದೊಡ್ಡ ಓಟ. ಅಲ್ಲಿಂದ ಮುಂದೆ ಕಾಲೆಳೆಯುತ್ತಾ ಸ್ಟೇಶನ್ ಬಜಾರ ಸೇರುವಾಗ ರೈಲು ಹೊರಟುಹೋಗಿರುತ್ತಿತ್ತು. ಟಾಂಗಾದ ಹಿಂದೆ ಕೆಂಪು ಬಾಳೆಹಣ್ಣು ಕಟ್ಟಿರುತ್ತಿದ್ದರು. "ರೈಲ ನಿಂತಾಗ ಬಂದ್ರ ಹಣ್ಣ ನಿಂದು. ಇಲ್ಲಂದ್ರ ನನ್ನ ಕುದುರಿದು" ಎನ್ನುತ್ತಿದ್ದರು. ಕುದುರೆ ದಿನದಿನಕ್ಕೆ ದಪ್ಪವಾಗುತ್ತಿತ್ತು.

ಆ ವರ್ಷ ತಾಲೀಮಿನ ಪೈಲವಾನರು ಕಮಲಾಪುರದಿಂದ ಸ್ಟೇಶನ್ ಬಜಾರಕ್ಕೆ ಓಟದ ಪಂದ್ಯ ಇಟ್ಟರು. ನನ್ನ ಓಟ ಸೇರದ ಅಪ್ಪ ಹೇಳಿಬಿಟ್ಟಿದ್ದ: "ಇದೊಂದ್ ಸಲ ಓಡು. ನಿಂತ ರೈಲ ನೋಡಿ ಬಂದ್ರ ನಾ ಬಾಯಿ ಬಿಚ್ಚಲ್ಲ. ಇಲ್ಲಂದ್ರ ನಾಳಿಂದ ಅಂಗಡ್ಯಾಗ ಕೂಡು."

ರಮಜಾನ್ ತಿಂಗಳು. ಎಲ್ಲರೂ ಬಾಣದಂತೆ ಹಾರಿದರು. ಅವರನ್ನು ನೋಡಿ ನಾನೂ ಟಾಂಗಾ ದಾಟಿ ಓಡಿದೆ.

"ಏ ಹುಚ್ಚಾ! ಯಾರ ಮದಿವಿಗಿ ಹೊಂಟಿ? ಹಿಂದ ಬಾ!" ಚಾಚಾ ಗದರಿದರು. ಒಳಗೆ ಕೂತಿದ್ದ ಸಾಹುಕಾರರು ನಕ್ಕರು. ನಾಚಿಕೆಯಿಂದ ಹಿಂದೆ ಬಂದೆ.

ಮಹಾಗಾಂವ ದಾಟಿದ ಮೇಲೆ, ಮುಂದೆ ಹೋಗಿದ್ದವರಲ್ಲಿ ಬಹಳ ಜನ ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಿದ್ದರು. ನನಗೂ ಗಂಟಲು ಒಣಗಿತ್ತು. ಚಾಚಾ ಗಾಡಿ ನಿಲ್ಲಿಸದೆಯೇ ಬಾಗಿ ನೀರಿನ ತಂಬಿಗೆ ಚಾಚಿದರು. ಅವರ ತುಟಿ ಬಿರಿದಿತ್ತು.

"ನೀವು?"

"ರೋಜಾದ ಉಪಾಸ ನಂದು, ನಿಂದಲ್ಲ. ಕುಡಿ, ಮಾತ್ ಬ್ಯಾಡ."

ಕೋಟೆ ಕಂಡಿತು. ನನ್ನ ಕಾಲು ಸೋತವು. ಸದ್ದು ದೂರವಾಗುತ್ತಾ ಹೋಯಿತು. ಚಾಚಾ ನಿಲ್ಲಿಸಲಿಲ್ಲ, ನಿಲ್ಲಿಸುವುದೂ ಇಲ್ಲ ಎಂದು ಗೊತ್ತಿತ್ತು. ಆದರೆ ಅಡ್ಡ ಬರುವವರು ಯಾರೂ ಇಲ್ಲದ ಬಯಲು ದಾರಿಯಲ್ಲೂ ಚಾಬೂಕಿನ ಹಿಡಿ ಗಾಲಿ ಬಿಟ್ಟು ಕದಲಲಿಲ್ಲ. ಟರ್ರ್, ಟರ್ರ್. ಕಣ್ಣು ಮುಚ್ಚಿ ಅದನ್ನೇ ಹಿಡಿದು ಓಡಿದೆ. ಊರ ಗದ್ದಲದಲ್ಲಿ ಒಮ್ಮೆಲೇ ಸದ್ದು ನಿಂತಿತು. ಕಳೆದುಕೊಂಡೆ ಅಂದುಕೊಂಡು ತಿರುವು ದಾಟಿದರೆ, ಎದುರಿಗೇ ಟಾಂಗಾ! ಅದರಾಚೆ ಹೊಗೆ ಬಿಡುತ್ತಾ ನಿಂತ ರೈಲು!

ಮೂವರು ನನಗಿಂತ ಮೊದಲು ಬಂದಿದ್ದರಂತೆ. ನಾನು ನೋಡಲೂ ಇಲ್ಲ. ಚಾಚಾ ಕೊಂಕಿದ ಬೆರಳಿನಿಂದ ಬಾಳೆಹಣ್ಣು ಸುಲಿದು ನನ್ನ ಬಾಯಿಗಿಟ್ಟರು. ಅವರ ಬಾಯಲ್ಲಿ ಉಗುಳೂ ಇರಲಿಲ್ಲ, ದನಿ ಕಷ್ಟಪಟ್ಟು ಹೊರಟಿತು. "ಈಗ ನನ್ನ ಕುದುರಿಗಿ ಏನ್ ಹೇಳ್ಲೋ?" ಎಂದರು. ಅರ್ಧ ಹಣ್ಣು ಕುದುರೆಗೆ ಕೊಟ್ಟೆ.

ಅಪ್ಪ ಮಾತಿಗೆ ತಪ್ಪಲಿಲ್ಲ. ನಾನು ಇನ್ನೂ ಓಡುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಚಾಚಾ ತೀರಿಕೊಂಡರು. ಮೋಮಿನಪುರದ ಓಣಿಯಲ್ಲಿ ಜನಾಜಾ ಹೊರಟಾಗ ಅವರ ಮಗ ಸರಿದು ನನ್ನ ಹೆಗಲಿಗೂ ಜಾಗ ಕೊಟ್ಟ. ದುಃಖಕ್ಕೋ ಏನೋ, ನನ್ನ ಕಾಲು ಉಳಿದವರಿಗಿಂತ ಮುಂದೆ ಓಡುತ್ತಿದ್ದವು. ಪಕ್ಕದ ಮುದುಕರೊಬ್ಬರು ಮೆಲ್ಲಗೆ ನನ್ನ ತೋಳು ಮುಟ್ಟಿದರು. "ಸಾವಕಾಶ, ಬೇಟಾ."

ಹೆಜ್ಜೆ ಕೂಡಿಸಿಕೊಂಡೆ.